ಹೈನ್ಲಿ ರಕ್ತ

ನನ್ನ ಗಂಡನ ಸೋದರತ್ತೆ ಎರ್ಮಾ ಹೈನ್ಲಿಗೆ ಬದುಕಿರುವವರಿಗಿಂತ ಸತ್ತವರ ಮೇಲೆ ಅಕ್ಕರೆ ಹೆಚ್ಚು ಎಂದು ನಮ್ಮ ಬರ್ಕ್ಸ್ ಕೌಂಟಿಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ಹತ್ತಿರದಿಂದ ಕಂಡವಳು ನಾನು. ಅಕ್ಕರೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹಿಡಿದ ಕೆಲಸ ಬಿಡಲಾಗದೆ ದಣಿದುಹೋದ ಹೆಂಗಸು ಆಕೆ, ಅಷ್ಟೇ.

ಹದಿನಾರನೇ ವಯಸ್ಸಿಗೆ ರೆಡಿಂಗ್ ಪಟ್ಟಣದ ಕಾಲುಚೀಲದ ಕಾರ್ಖಾನೆಗೆ ಸೇರಿದ್ದರು. ಕಾಲುಚೀಲದ ಬೆರಳ ತುದಿಯನ್ನು ಹೊಲಿದು ಮುಚ್ಚುವ ಕೆಲಸ. ಕಣ್ಣು ಮಂಜಾಗುವವರೆಗೂ ಅದನ್ನೇ ಮಾಡಿದರು. ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ಅಪ್ಪನ ಸೇವೆಯೂ ಅವರ ಪಾಲಿಗೇ ಬಂತು. ಆ ಮುದುಕ ಸಾಯುವ ಮುಂಚೆ ಮನೆತನದ ವಂಶಾವಳಿ ಹುಡುಕುವ ಹೊಣೆಯನ್ನೂ ಮಗಳ ತಲೆಗೇ ಕಟ್ಟಿ ಕಣ್ಣು ಮುಚ್ಚಿದ. ಆಮೇಲೆ ಕಾರ್ಖಾನೆ ಮುಚ್ಚಿತು. ಆಕೆಯನ್ನು ಯಾರಾದರೂ ಹುಡುಕಿಕೊಂಡು ಬರುತ್ತಿದ್ದುದು ಇದೊಂದಕ್ಕೇ: "ಎರ್ಮಾ, ನಮ್ಮಜ್ಜಿಯ ಅಪ್ಪ ಯಾರು?"

ಅದಕ್ಕಾಗಿ ಅತ್ತೆ ಓಡಾಡಿದ ಚರ್ಚುಗಳೆಷ್ಟೋ, ಕಚೇರಿಗಳೆಷ್ಟೋ! ಓಡಾಡಿಸಿದವಳು ನಾನು. ನಾನು ಶಾಲೆಯ ಬಸ್ಸಿನ ಡ್ರೈವರು. "ನಲವತ್ತು ಕೋತಿಗಳನ್ನ ಹೊತ್ಕೊಂಡು ಹೋಗೋಳಿಗೆ ಒಬ್ಬ ಮುದುಕಿ ಭಾರವಾ, ಡೆಲ್ಲಾ?" ಎಂದು ಕಾರು ಹತ್ತಿಬಿಡುತ್ತಿದ್ದರು. ಹಳ್ಳಿ ಹಳ್ಳಿಯ ಮುದುಕಿಯರ ಅಡುಗೆಮನೆಯಲ್ಲಿ ಕೂತು ಅವರ ಮಂಡಿನೋವಿನ ಪುರಾಣ ಪೂರ್ತಿ ಕೇಳಬೇಕು. ಕೊನೆಗೆ, ನಾವು ಬಾಗಿಲು ದಾಟುವಾಗ, ಅಪ್ಪಿತಪ್ಪಿ ಎಂಬಂತೆ ಒಂದು ಹೆಸರು ಬೀಳುತ್ತಿತ್ತು. ಆ ಒಂದು ಹೆಸರಿಗೆ ನನ್ನ ಭಾನುವಾರ ಪೂರ್ತಿ ಹಾಳು.

ಹಾಗೆ ಹೆಕ್ಕಿ ಹೆಕ್ಕಿ ಅತ್ತೆ ಕಟ್ಟಿದ ಕತೆ ಇದು. ರೈನ್ ನದಿಯ ಆಚೆ ದಂಡೆಯಲ್ಲಿ ಹೊಟ್ಟೆಗಿಲ್ಲದೆ ಪೀಟರ್ ಹೈನ್ಲಿ ಎಂಬವನು ಹೆಂಡತಿ ಆನಾಳ ಜೊತೆ ಹಡಗು ಹತ್ತಿದ. ಹಡಗಿನಲ್ಲಿ ಜ್ವರ ಬಡಿದು ಅರ್ಧ ಜನ ಸಮುದ್ರದ ಪಾಲಾದರು. ಫಿಲಡೆಲ್ಫಿಯಾದಲ್ಲಿ ಇಳಿದಾಗ ಗಂಡಹೆಂಡಿರ ಕೈಯಲ್ಲಿ ಒಂದು ಹಸುಗೂಸಿತ್ತು, ಅವನೇ ಕೊನ್ರಾಡ್. ಹಡಗಿನ ಸಾಲ ತೀರುವವರೆಗೆ ಪೀಟರ್ ಒಬ್ಬ ಗಿರಣಿಯವನ ಮನೆಯಲ್ಲಿ ಜೀತ ಮಾಡಿದ. ಆಮೇಲೆ ಈ ಗುಡ್ಡದ ಬುಡಕ್ಕೆ ಬಂದು ಕಾಡು ಕಡಿದು ಹೊಲ ಮಾಡಿದ. ಕೊನ್ರಾಡನಿಗೆ ಒಂಬತ್ತು ಮಕ್ಕಳು. ಒಬ್ಬ ಇಂಗ್ಲಿಷರ ಮೇಲಿನ ಯುದ್ಧಕ್ಕೆ ಹೋಗಿ, ಗುಂಡಿನ ಸದ್ದೂ ಕೇಳದೆ ಶಿಬಿರದಲ್ಲಿ ಭೇದಿಯಾಗಿ ಸತ್ತ. ಒಬ್ಬ ಅಣ್ಣತಮ್ಮಂದಿರ ಜೊತೆ ಜಗಳವಾಡಿ ಒಹಾಯೋಗೆ ಗಾಡಿ ಕಟ್ಟಿಕೊಂಡು ಹೋದ. ಉಳಿದವರು ಇಲ್ಲೇ ಬೇರುಬಿಟ್ಟರು. ನನ್ನ ಗಂಡ ಹಾರ್ಲನ್ ಆ ಬೇರಿನ ಒಂದು ಚೂರು. ರಾತ್ರಿ ಗೊರಕೆ ಹೊಡೆಯುವಾಗ ಅವನ ರಕ್ತದಲ್ಲಿ ವಿಶೇಷವೇನೂ ನನಗೆ ಕಂಡಿಲ್ಲ.

ಆದರೆ ಅತ್ತೆಗೆ ರಕ್ತವೇ ಎಲ್ಲ. ಹಳೆಯ ಹೊಲದ ನಡುವೆ ಕಲ್ಲುಗೋಡೆ ಕಟ್ಟಿದ ಮನೆತನದ ಸಮಾಧಿಸ್ಥಳವಿದೆ. ಹೊಲ ಯಾವಾಗಲೋ ಪರರ ಪಾಲಾಗಿ ಸುತ್ತ ಮೆಕ್ಕೆಜೋಳ ಬೆಳೆಯುತ್ತದೆ, ಆದರೆ ಆ ಗೋಡೆಯೊಳಗಿನ ನೆಲ ಮಾತ್ರ ಇನ್ನೂ ನಮ್ಮದು. ಪೀಟರನ ರಕ್ತದವರು, ಇಲ್ಲವೇ ಅವರ ಕೈಹಿಡಿದವರು ಮಾತ್ರ ಒಳಗೆ ಮಲಗಬೇಕು ಎಂಬುದು ಅತ್ತೆಯ ಅಜ್ಜ ಮಾಡಿದ ಕಟ್ಟಳೆ. ಅದನ್ನು ಕಾಯುವ ಅಧಿಕಾರ ಅತ್ತೆಯದು. ಉಳಿದಿದ್ದುದು ಒಂದೇ ಜಾಗ, ಅತ್ತೆಯ ತಂಗಿ ಲಾಟಿಯ ಸಮಾಧಿಯ ಪಕ್ಕದಲ್ಲಿ. ಅದನ್ನು ಅತ್ತೆ ತನಗೆಂದು ಇಟ್ಟುಕೊಂಡಿದ್ದರು.

ಈ ಲಾಟಿಗೆ ಸಾಕುಮಗಳೊಬ್ಬಳು, ಫರ್ನ್. ಗಂಡ ಬಿಟ್ಟುಹೋದ ಮೇಲೆ ಲಾಟಿ ಅನಾಥಾಲಯದಿಂದ ಆ ಮಗುವನ್ನು ತಂದು, ಪಕ್ಕದ ಊರಿನ ಹೋಟೆಲಿನಲ್ಲಿ ಪಾತ್ರೆ ತೊಳೆದು ಬೆಳೆಸಿದಳು. ಸಾಯುವ ವರ್ಷ ಅಕ್ಕನ ಮನೆಗೆ ಬಂದು ಕೇಳಿದಳು: "ಎರ್ಮಾ, ಮುಂದೆ ಯಾವಾಗಾದ್ರೂ ಆಗ್ಲಿ, ನನ್ನ ಮಗು ನನ್ನ ಪಕ್ಕ ಮಲಗ್ಲಿ ಕಣೆ."

"ಅವಳು ಹೈನ್ಲಿ ಅಲ್ವಲ್ಲೇ. ಕಟ್ಟಳೆ ಅಂದ್ರೆ ಕಟ್ಟಳೆ," ಎಂದರು ಅತ್ತೆ. ಲಾಟಿ ಕಾಫಿ ಕುಡಿದು ಹೋದಳು. ಆ ಚಳಿಗಾಲದಲ್ಲೇ ತೀರಿಕೊಂಡಳು.

ಆರು ವರ್ಷ ಕಳೆದು, ಎಂಬತ್ತಾರನೇ ಇಸವಿಯ ವಸಂತದಲ್ಲಿ, ಫರ್ನ್ ತಾನೇ ಬಂದು ಕೇಳಿದಳು. ಐವತ್ತರ ಹೆಂಗಸು, ಹೊಟ್ಟೆಯಲ್ಲಿ ಕ್ಯಾನ್ಸರು. ಮುಂದಿನ ವಸಂತ ನೋಡುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆ ಅವಳ ಮುಖ ನೋಡದೆ, ಕಿಟಕಿಯ ಕಡೆ ತಿರುಗಿ, ಆಗುವುದಿಲ್ಲ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಲ್ಲ ಅತ್ತೆ, ಆ ಮಣ್ಣನ್ನೇನು ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?" ಎಂದೆ, ಆಮೇಲೆ ಅವರನ್ನು ಕಾರಿನಲ್ಲಿ ಕರೆದೊಯ್ಯುವಾಗ.

"ಒಬ್ಬರಿಗೆ ಹೂಂ ಅಂದ್ರೆ ನಾಳೆ ಹತ್ತು ಜನ ಬರ್ತಾರೆ. ಹಿಂದೆ ಬೇಡ ಅನ್ಸಿಕೊಂಡೋರು ನನ್ನ ಮುಖಕ್ಕೆ ಉಗೀತಾರೆ. ನೀನು ರಸ್ತೆ ನೋಡ್ಕೊಂಡು ಓಡಿಸು."

ಅದೇ ಮೇ ತಿಂಗಳು, ಸಮಾಧಿಗಳ ಸುತ್ತ ಹುಲ್ಲು ಕೊಯ್ಯುವ ದಿನ ಬಂತು. ಹಿಂದೆಲ್ಲ ಮೂವತ್ತು ಜನ ಸೇರುತ್ತಿದ್ದರು. ಈಗ ಅತ್ತೆ, ಹಾರ್ಲನ್, ನಾನು. ಗೋಡೆಯ ಪಕ್ಕ ಪಾಚಿ ಹಿಡಿದ ಒಂದು ಬೋಳು ಚಪ್ಪಡಿ ಮೊದಲಿನಿಂದಲೂ ಬಿದ್ದಿತ್ತು. ಊಟದ ಬುಟ್ಟಿ ಇಡುವುದು, ಸುಸ್ತಾದರೆ ಕೂರುವುದು ಎಲ್ಲ ಅದರ ಮೇಲೇ. ಆ ವರ್ಷ ಅದರಡಿ ಗ್ರೌಂಡ್‌ಹಾಗ್ ಎಂಬ ದಪ್ಪ ಹೆಗ್ಗಣದಂಥ ಪ್ರಾಣಿಯೊಂದು ಬಿಲ ತೋಡಿ, ಚಪ್ಪಡಿ ಒಂದು ಕಡೆಗೆ ವಾಲಿಬಿಟ್ಟಿತ್ತು. ಯಾರಾದರೂ ಕಾಲು ಮುರಿದುಕೊಳ್ಳುತ್ತಾರೆಂದು ಹಾರ್ಲನ್ ಹಾರೆ ಹಾಕಿ, ಬೈಯುತ್ತಾ ಬೆವರುತ್ತಾ ಅದನ್ನು ಎತ್ತಿ ಗೋಡೆಗೆ ಒರಗಿಸಿದ.

ಅಡಿಯಲ್ಲಿದ್ದ ಮಗ್ಗುಲ ತುಂಬ ಅಕ್ಷರಗಳು. ಗಾಳಿಮಳೆ ತಾಗದೆ, ನಿನ್ನೆ ಕೆತ್ತಿದಂತೆ ಇದ್ದವು. ಹಳೆಯ ಜರ್ಮನ್ ಬರಹ. ನಮ್ಮ ಮೂವರಲ್ಲಿ ಅದನ್ನು ಓದಬಲ್ಲವರು ಅತ್ತೆಯೊಬ್ಬರೇ. ಮೊದಲ ಸಾಲು ಓದುತ್ತಲೇ ಕೂಗಿದರು: "ಕೊನ್ರಾಡ್! ಹಾರ್ಲನ್, ಇದು ಕೊನ್ರಾಡನ ಕಲ್ಲು ಕಣೋ! ಇಷ್ಟು ವರ್ಷ ಇವನ ಸಮಾಧಿ ಸಿಗ್ಲಿಲ್ಲ ಅಂತ ಮೂರು ಕೌಂಟಿ ಸುತ್ತಿದೆ, ಇವನ ಬೆನ್ನ ಮೇಲೇ ಕೂತು ಮೊಟ್ಟೆ ತಿಂತಿದ್ದೆ!"

ಮುಂದಿನ ಸಾಲಿಗೆ ಬಗ್ಗಿದರು. ಬೆರಳು ಸಾಲಿನ ಮೇಲೆ ಹರಿದಾಡಿತು, ನಿಂತಿತು, ಮತ್ತೆ ಮೇಲಕ್ಕೆ ಹೋಗಿ ಮೊದಲಿಂದ ಓದಿತು. ಹಾಗೇ ಹುಲ್ಲಿನ ಮೇಲೆ ಕೂತುಬಿಟ್ಟರು.

"ಏನು ಬರೆದಿದೆ ಅತ್ತೆ?" ಎಂದ ಹಾರ್ಲನ್.

"ಹೇಗಿತ್ತೋ ಹಾಗೇ ಮಗುಚಿ ಹಾಕ್ಬಿಡು."

"ನಿಮಗೇನು ತಲೆ ಕೆಟ್ಟಿದೆಯಾ? ನನ್ನ ಸೊಂಟ ಬಿದ್ದೋಯ್ತು! ಏನು ಬರೆದಿದೆ ಹೇಳಿ."

ಜರ್ಮನ್ ಬಾರದ ನಮ್ಮಿಬ್ಬರಿಗೆ ಏನು ಬೇಕಾದರೂ ಹೇಳಬಹುದಿತ್ತು. ಒಂದು ಗಳಿಗೆ ಆಕೆಗೂ ಹಾಗೆ ಅನ್ನಿಸಿರಬೇಕು, ಬಾಯಿ ತೆರೆದು ಮುಚ್ಚಿದರು. ಆಮೇಲೆ, ದಣಿದ ದನಿಯಲ್ಲಿ, ಒಂದೊಂದೇ ಸಾಲು ಹೇಳಿದರು. ಇಲ್ಲಿ ಕೊನ್ರಾಡ್ ಮಲಗಿದ್ದಾನೆ. ಸಮುದ್ರದ ಮೇಲೆ ಹುಟ್ಟಿದವನು. ಹೆತ್ತವರಿಬ್ಬರೂ ಆ ಹಡಗಿನಲ್ಲೇ ತೀರಿಕೊಂಡರು, ಅವರ ಹೆಸರು ಯಾರಿಗೂ ತಿಳಿಯದು. ಮಕ್ಕಳಿಲ್ಲದ ಪೀಟರ್ ಹೈನ್ಲಿಯೂ ಆನಾಳೂ ಇವನನ್ನು ಎತ್ತಿಕೊಂಡು ತಮ್ಮವನನ್ನಾಗಿ ಮಾಡಿಕೊಂಡರು. ದೇವರು ಅವರಿಗೆ ಒಳ್ಳೆಯದು ಮಾಡಲಿ.

ನನಗೆ ನಗು ಉಕ್ಕಿತು, ಸುಳ್ಳೇಕೆ ಹೇಳಲಿ. ಮನೆತನಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ ಹೈನ್ಲಿ ರಕ್ತ, ಹೈನ್ಲಿ ರಕ್ತ ಎಂದು ಕೇಳಿ ಕೇಳಿ ಕಿವಿ ತೂತಾಗಿತ್ತು. ಈ ಗೋಡೆಯೊಳಗೆ ಮಲಗಿರುವವರಲ್ಲಿ ಪೀಟರನೊಬ್ಬನನ್ನು ಬಿಟ್ಟರೆ ಇನ್ನೊಂದು ತೊಟ್ಟು ಹೈನ್ಲಿ ರಕ್ತ ಇಲ್ಲ! ಆದರೆ ಅತ್ತೆಯ ಮುಖ ನೋಡಿ ನಗು ನುಂಗಿಕೊಂಡೆ. ಏಳಲು ಕೈ ಕೊಟ್ಟೆ.

ಕಾರಿನಲ್ಲಿ ಮನೆಗೆ ಹೊರಟೆವು. ಊರು ಹತ್ತಿರ ಬಂದಾಗ ಅತ್ತೆ ಹೇಳಿದರು, "ಹಡಗಿಂದ ಇಳಿದಾಗ ಕೈಲಿ ಕೂಸಿತ್ತು ಅನ್ನೋದು ಮಾತ್ರ ನಂಗೆ ಗೊತ್ತಿದ್ದಿದ್ದು. ಅವರದ್ದೇ ಕೂಸು ಅಂತ ಯಾರೂ ಹೇಳಿರ್ಲಿಲ್ಲ. ನಾನೇ ಅಂದ್ಕೊಂಡೆ."

"ಯಾರಾದ್ರೂ ಹಾಗೇ ಅಂದ್ಕೋತಾರೆ, ಬಿಡಿ."

"ಅರ್ಧ ಹಡಗು ಸತ್ತಿತ್ತು ಅಂತಾನೂ ಗೊತ್ತಿತ್ತಲ್ಲೇ. ಅಪ್ಪ ಅಮ್ಮ ಸತ್ತ ಮಕ್ಕಳೆಲ್ಲ ಏನಾದ್ವು ಅಂತ ಒಂದು ದಿನಾನೂ ಯೋಚ್ನೆ ಮಾಡ್ಲಿಲ್ಲ. ಸಾಕಾಗಿದೆ ಡೆಲ್ಲಾ. ಈ ಸತ್ತವರ ಚಾಕರಿ ಸಾಕಾಗಿದೆ." ಮನೆಯ ಮುಂದೆ ಇಳಿಯುವಾಗ, "ನಾಳೆ ಫರ್ನ್ ಮನೆಗೆ ಕರ್ಕೊಂಡು ಹೋಗು," ಎಂದರು.

ಮಾರನೆಯ ದಿನ ಬರಿಗೈಯಲ್ಲಿ ಹೋಗಬಾರದೆಂದು ಬೆಳಗ್ಗೆಯೇ ಎದ್ದು ಸಿಹಿ ತುಂಬಿದ ಪೈ ಬೇಯಿಸಿ, ಬಟ್ಟೆ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡು ಬಂದರು. ನಾನೂ ಎತ್ತಿ ನೋಡಲಿಲ್ಲ. ಫರ್ನ್ ಮನೆಯ ಮುಂದಿನ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಮೂಳೆ ಚಕ್ಕಳ. ಬಟ್ಟೆ ಸರಿಸಿ ನೋಡಿದವಳು ಬೆಚ್ಚಿ, ಆಮೇಲೆ ಕೆಮ್ಮು ಬರುವ ತನಕ ನಕ್ಕಳು.

"ಒಣದ್ರಾಕ್ಷಿ ಪೈ! ದೊಡ್ಡಮ್ಮ, ಇದು ನನ್ನ ಮಣ್ಣು ಮಾಡಿ ಬಂದ್ಮೇಲೆ ಜನ ತಿನ್ನೋದು. ಅಲ್ಲಿ ತನಕ ಕಾಯೋಕೆ ಆಗ್ಲಿಲ್ವಾ?"

ಅತ್ತೆಯ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಸಾವಿನ ಮನೆಯ ಊಟಕ್ಕೆ ಬಿಟ್ಟರೆ ಯಾರೂ ಅದನ್ನು ಹೊತ್ತುಕೊಂಡು ಹೋಗುವುದಿಲ್ಲ. "ಅಯ್ಯೋ ನನ್ನ ಬುದ್ಧಿಗಿಷ್ಟು! ಮನೇಲಿ ಬೇರೆ ಏನೂ ಇರ್ಲಿಲ್ಲ ಕಣೆ. ತಲೆ ಎಲ್ಲಿತ್ತೋ. ಕೊಡಿಲ್ಲಿ, ಹೊರಗೆ ಎಸೀತೀನಿ."

"ಇರ್ಲಿ ಬಿಡಿ. ನನ್ನ ಪಾಲಿಂದು ನಾನೇ ತಿಂದು ಹೋಗ್ತೀನಿ. ಏನು ಬಂದಿದ್ದು?"

ಅತ್ತೆ ಕಲ್ಲಿನ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಲಾಟಿಯ ಪಕ್ಕದ ಜಾಗ ನಿನ್ನದು ಎಂದೂ ಹೇಳಿದರು. ಫರ್ನ್ ಪೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು.

"ನಿಮ್ಮ ಮೈಯಲ್ಲೂ ಹೈನ್ಲಿ ರಕ್ತ ಇಲ್ಲ ಅಂತ ಗೊತ್ತಾಯ್ತು. ಅದಕ್ಕೆ ಬಂದ್ರಿ," ಎಂದಳು ಕೊನೆಗೆ. "ಒಂದು ಕೇಳ್ತೀನಿ, ನಿಜ ಹೇಳಿ. ಆ ಕಲ್ಲು ಮಗುಚಿಕೊಂಡೇ ಬಿದ್ದಿದ್ರೆ ಬರ್ತಿದ್ರಾ?"

ಹೂಂ ಅನ್ನಿ, ಒಂದು ಸುಳ್ಳು ಹೇಳಿ ಮುದುಕಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ. ಬರ್ತಿರ್ಲಿಲ್ಲ," ಎಂದರು ಅತ್ತೆ.

ಫರ್ನ್ ಕಂಬಳಿ ಎಳೆದುಕೊಂಡಳು. "ನೀವು ಬೇಡ ಅಂದ ದಿನ ಅಮ್ಮ ಮನೆಗೆ ಬಂದು ಅತ್ಲು. ಗಂಡ ಬಿಟ್ಟು ಹೋದಾಗ್ಲೂ ಅತ್ತೋಳಲ್ಲವಂತೆ ಅವಳು. ನಿಮ್ಮ ಮನೆತನ ನನಗೆ ಬೇಕಾಗಿಲ್ಲ ದೊಡ್ಡಮ್ಮ, ಅದನ್ನ ಇಟ್ಕೊಳ್ಳಿ. ಅಮ್ಮನಿಗೆ ಮಾತು ಕೊಟ್ಟಿದ್ದೆ, ಅದಕ್ಕೋಸ್ಕರ ಅಲ್ಲಿ ಮಲಗ್ತೀನಿ." ಅತ್ತೆ ತಲೆ ಆಡಿಸಿದರು. ಮೂವರೂ ಅಲ್ಲೇ ಕೂತು ಆ ಪೈ ತಿಂದೆವು.

ಆಗಸ್ಟಿನಲ್ಲಿ ಚರ್ಚಿನ ತೋಪಿನಲ್ಲಿ ಮನೆತನದವರು ಸೇರಿದಾಗ ಅತ್ತೆ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಕೆಲವರು ಕಲ್ಲು ಸುಳ್ಳು ಎಂದರು. ಕೆಲವರು ಮುದುಕಿಗೆ ಅರಳುಮರುಳು ಎಂದರು. "ಹಾಗಾದ್ರೆ ನಾವು ಯಾರು?" ಎಂದು ಒಬ್ಬ ರೇಗಿದ. "ಯಾರೋ ಎತ್ತಿಕೊಂಡ ಮಗುವಿನ ಮಕ್ಕಳು," ಎಂದು ಹೇಳಿ ಅತ್ತೆ ಕೂತರು. ನಿಮಗಿನ್ನು ಜಾಗ ಎಲ್ಲಿ ಎಂದು ನಾನು ಕೇಳಿದ್ದಕ್ಕೆ, "ಹೆದ್ದಾರಿ ಪಕ್ಕದ ಸ್ಮಶಾನದಲ್ಲಿ ಎಲ್ಲಾದ್ರೂ ಒಂದು ಮೂಲೆ. ಲಾರಿ ಸದ್ದಿಗೆ ನಿದ್ದೆ ಕೆಡೋ ವಯಸ್ಸು ದಾಟಿರುತ್ತೆ," ಎಂದರು.

ಅಕ್ಟೋಬರಿನಲ್ಲಿ ಫರ್ನ್ ತೀರಿಕೊಂಡಳು. ಗೋಡೆಯೊಳಗೆ ಹನ್ನೆರಡು ಹದಿಮೂರು ಜನ, ಹೆಚ್ಚಿನವರು ಅವಳು ಕೆಲಸ ಮಾಡುತ್ತಿದ್ದ ಹೋಟೆಲಿನವರು. ಪೆಟ್ಟಿಗೆ ಇಳಿಸಿದ ಮೇಲೆ ಪಾದ್ರಿ, ಹತ್ತಿರದ ಬಂಧುಗಳು ಮೊದಲು ಮಣ್ಣು ಹಾಕಬಹುದು ಎಂದರು. ಯಾರೂ ಕದಲಲಿಲ್ಲ. ಅತ್ತೆ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದರು. ಬಗ್ಗಲಾಗದೆ ಮಂಡಿಯೂರಿ, ಎರಡೂ ಕೈಯಿಂದ ಮಣ್ಣು ಬಾಚಿ ಹಾಕಿದರು. ಆಮೇಲೆ ಏಳಲಿಲ್ಲ. ಎಬ್ಬಿಸಲು ಹೋದೆ.

"ಸ್ವಲ್ಪ ಇರು, ಡೆಲ್ಲಾ," ಎಂದರು. "ಲಾಟಿ ಬದುಕಿದ್ದಾಗ ಕೇಳಿದ್ಲು. ಆಗ್ಲೇ ಹೂಂ ಅಂದಿದ್ರೆ ಅವಳು ಕಾಫಿ ಕುಡಿದು ನಗ್ತಾ ಹೋಗಿರ್ತಿದ್ಲು."