ಮೀನಂಗಡಿಯ ಮಾವಿನಹಣ್ಣು

ತಿರುಪ್ಪೂರಿನ ಮೀನಂಗಡಿಯೊಂದರ ಮುಂದೆ ಅಮ್ಮ, ನಾನು, ಮದುವೆಯಾದ ಮೇಲೆ ಮೊದಲ ಸಲ ಊಟಕ್ಕೆ ಬಂದಿದ್ದ ಅಕ್ಕನ ಗಂಡ ನಿಂತಿದ್ದೆವು. ಅಳಿಯನಿಗೆ ಕಡಲಬಂಡೆಗಳ ನಡುವೆ ಸಿಗುವ ಕಲವ ಮೀನಿನ ಸಾರು ಬಡಿಸಬೇಕೆಂಬುದು ಅಮ್ಮನ ಆಸೆ. ಆದರೆ ಮೀನು ಮೊಟ್ಟೆಯಿಡುವ ಕಾಲವೆಂದು ದೊಡ್ಡ ದೋಣಿಗಳಿಗೆ ನಿಷೇಧ. ಅಂಗಡಿಯಾಕೆ ಮೀನು ಇಡುವ ಹಲಗೆಯ ಮೇಲೆಯೇ ಮಾವಿನಹಣ್ಣು ಇಟ್ಟು, ಕಿವಿರು ನೋಡುವವಳಂತೆ ಒಂದೊಂದನ್ನೂ ತಿರುಗಿಸುತ್ತಿದ್ದಳು.

“ಕಣ್ಣೂ, ಕದ್ದು ಹಿಡಿದದ್ದಾದ್ರೂ ಒಂದು ತರಿಸ್ಕೊಡು, ಅಳಿಯ ಬಂದವ್ರೆ,” ಎಂದರು ಅಮ್ಮ, ಅಲ್ಲಿಯವರು ಅಕ್ಕರೆಯಿಂದ ಕರೆಯುವಂತೆ.

“ಈಗ ಮೀನೆಲ್ಲ ಬಸುರಿ, ಅಕ್ಕಾ, ಸುಮ್ನಿರಿ,” ಎಂದಳು, ಎಲ್ಲರಿಗೂ ಹೇಳುವಂತೆಯೇ. ಹಣ್ಣು ತೂಗಿ, ಅಭ್ಯಾಸಬಲದಿಂದ ಕೇಳಿದಳು: “ತುಂಡು ಮಾಡ್ಲಾ?”

ಭಾವ ಬಿದ್ದುಬಿದ್ದು ನಕ್ಕರು. ಅಮ್ಮ ಮಾತ್ರ ನಗಲಿಲ್ಲ.

ನಿಷೇಧ ಮುಗಿದು ಮೊದಲ ಲಾರಿ ಬಂದ ದಿನ ಆಕೆ ಕಲವ ಹಿಡಿದು ನಮ್ಮ ಬಾಗಿಲಿಗೇ ಬಂದಳು. “ಎಲ್ಲಿ, ಅಳಿಯಂದ್ರನ್ನ ಕರೀರಿ!”

ಸುದ್ದಿ ತಿಳಿದು ಭಾವ ಮೆಟ್ಟುಪಾಳ್ಯದ ತಮ್ಮ ಮನೆಯಿಂದ ಬಸ್ಸು ಹತ್ತಿ ಬಂದರು. ಅವರ ಪಕ್ಕದಲ್ಲೇ ಅಮ್ಮ ಆಕೆಗೂ ಎಲೆ ಹಾಕಿದರು.