ಭಾನುಮತಿಯ ಮ್ಯಾಕ್ರೊ ಮತ್ತು ಖಾಲಿ ಡಬರಿ

ಭಾನುಮತಿಯ ಮನೆಯಿಂದ ಯಾರ ಪಾತ್ರೆಯೂ ಖಾಲಿ ಹಿಂತಿರುಗಿದ್ದಿಲ್ಲ. ಚಿಕ್ಕಬಾಣಾವರದ ಆ ಬಾಡಿಗೆ ಮನೆಯ ಒಡತಿ ಚಿಕ್ಕಮುನಿಯಮ್ಮ ಡಬರಿಯಲ್ಲಿ ಅವರೆಕಾಳಿನ ಸಾರು ಕಳಿಸಿದರೆ, ಭಾನುಮತಿಯ ತಾಯಿ ಸೀತಾ ಅದನ್ನು ತೊಳೆದು, ತಿಂಡಿಯ ಡಬ್ಬದಲ್ಲಿ ಏನಿದೆಯೋ ಅದನ್ನು ಹಾಕಿಯೇ ವಾಪಸ್ ಕಳಿಸುತ್ತಿದ್ದರು. ಏನೂ ಇಲ್ಲದ ದಿನವೂ ಡಬ್ಬದ ತಳದಲ್ಲಿ ಏನಾದರೂ ಇರುತ್ತಿತ್ತು. ಇಪ್ಪತ್ತೆರಡು ವರ್ಷ ಇದನ್ನೇ ನೋಡಿ ಬೆಳೆದ ಭಾನುಮತಿ, 1984ರಲ್ಲಿ, ಪೀಣ್ಯದ ಒಂದು ತಕ್ಕಡಿ ಕಾರ್ಖಾನೆಗೂ ಈ ಮರ್ಯಾದೆಯನ್ನು ಕೊಂಡೊಯ್ದಳು.

ಅಲ್ಲಿ ಅವಳು ಟೈಪಿಸ್ಟ್, ಅದೂ ತಾತ್ಕಾಲಿಕ. ಮಾಲೀಕ ಶ್ಯಾಮಸುಂದರ್ ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಬಂದ ಇಂಜಿನಿಯರ್. ಮುಳ್ಳಿನ ತಕ್ಕಡಿಯ ಕಾಲ ಮುಗಿಯಿತು, ಇನ್ನು ಚಿಪ್ ಹಾಕಿದ ತಕ್ಕಡಿ ಕೆಂಪು ಅಂಕಿಯಲ್ಲಿ ತೂಕ ತೋರಿಸುತ್ತದೆ ಎಂದು ನಂಬಿದವರು. ಚಿಪ್ಪಿಗೆ ಹೇಳಬೇಕಾದ್ದನ್ನೆಲ್ಲ ಅವರು ಅಸೆಂಬ್ಲಿ ಭಾಷೆಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ಭಾನುಮತಿ ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ತೂಕ ಓದುವ ಅದೇ ಹನ್ನೊಂದು ಸಾಲುಗಳನ್ನು ಇಪ್ಪತ್ತನೆಯ ಸಲ ಟೈಪ್ ಮಾಡಬೇಕಾಗಿ ಬಂದಾಗ ಅವಳು ಬಾಯಿ ಬಿಟ್ಟಳು.

"ಸಾರ್, ಇದಕ್ಕೊಂದು ಹೆಸರಿಟ್ಟು, ಬೇಕಾದ ಕಡೆ ಬರೀ ಹೆಸರು ಬರೆದ್ರೆ ಸಾಲದಾ?"

"ಅದಕ್ಕೇ ಮ್ಯಾಕ್ರೊ ಅನ್ನೋದು. ಮ್ಯಾನ್ಯುಯಲ್ ಅಲ್ಲಿದೆ, ಓದ್ಕೊಂಡು ನೀನೇ ಬರಿಯಮ್ಮ. ಸರಿಹೋದ್ರೆ ಪ್ರೋಗ್ರಾಮರ್ ಅಂತ ಆರ್ಡರ್ ಕೊಡ್ತೀನಿ."

ಅವರು ತಲೆಯೆತ್ತದೆ ಹೇಳಿದ್ದರಿಂದ ತಮಾಷೆ ಇರಬಹುದು. ಭಾನುಮತಿಗೆ ತಮಾಷೆ ಬೇಗ ತಿಳಿಯುತ್ತಿರಲಿಲ್ಲ. ಹದಿನೈದು ದಿನ ಬಸ್ಸಿನಲ್ಲೂ ಮ್ಯಾನ್ಯುಯಲ್ ಓದಿದಳು. ಮ್ಯಾಕ್ರೊ ಎಂಬುದು ಎಲ್ಲಿಗೋ ಹೋಗಿ ಬರುವ ಆಳಲ್ಲ. ಅದರ ಹೆಸರು ಬರೆದಲ್ಲೆಲ್ಲ ಆ ಹನ್ನೊಂದು ಸಾಲುಗಳೇ ಬಂದು ಕೂರುತ್ತವೆ. ಕೊನೆಗೆ ಉತ್ತರವನ್ನು 'ಎ' ಎಂಬ ರಿಜಿಸ್ಟರಿನಲ್ಲಿ, ಎಲ್ಲರೂ ಒಪ್ಪಿಕೊಂಡ ಒಂದು ಗೂಡಿನಲ್ಲಿ, ಇಟ್ಟಿರಬೇಕು. ಮುಂದಿನ ಸಾಲು ಅಲ್ಲಿಂದ ಎತ್ತಿಕೊಳ್ಳುತ್ತದೆ. ಭಾನುಮತಿಯ ಮ್ಯಾಕ್ರೊ ತಕ್ಕಡಿಯ ಹಲಗೆಯ ಮೇಲಿನ ತೂಕವನ್ನು ತಂದು ಆ ಗೂಡಿನಲ್ಲಿಡುತ್ತಿತ್ತು. ಹಲಗೆ ಅಲುಗಾಡಿ ತೂಕ ಸಿಗದಿದ್ದರೆ ಕ್ಯಾರಿ ಎಂಬ ಗುರುತನ್ನು ಎತ್ತಿ 'ಉತ್ತರವಿಲ್ಲ' ಎಂದು ತಿಳಿಸಬಹುದು ಎಂದಿತ್ತು ಮ್ಯಾನ್ಯುಯಲ್. ಅವಳಿಗೆ ಅದು ಒರಟೆನಿಸಿತು. ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸುವುದೆ? ಅಂಥ ಹೊತ್ತಿನಲ್ಲಿ ಹಿಂದಿನ ಸಲದ ತೂಕವನ್ನೇ ಇಡುವಂತೆ ಬರೆದಳು.

ರಾಗಿ ಬೆಳೆಗಾರರ ಸಂಘವೊಂದರ ಅಧ್ಯಕ್ಷ ಹನುಮಂತರಾಯಪ್ಪ ಯಂತ್ರ ನೋಡಲು ಬಂದರು. ಹಮಾಲಿ ಸೊಣ್ಣಪ್ಪ ತಿಣುಕುತ್ತ ಮೊದಲ ಮೂಟೆ ಇಟ್ಟ. ಅರವತ್ತೊಂದು. ಆಗಲೇ ಪಕ್ಕದ ಶೆಡ್ಡಿನಲ್ಲಿ ಊಟದ ವಿರಾಮ ಮುಗಿದು ಪ್ರೆಸ್ ಮಿಷನ್ ಗುದ್ದತೊಡಗಿ ನೆಲ ನಡುಗಿತು. ಅದನ್ನಿಳಿಸಿ ಇಟ್ಟ ಎರಡನೆಯ ಮೂಟೆಗೂ ಅರವತ್ತೊಂದು. ಮೂರನೆಯದಕ್ಕೂ ಅರವತ್ತೊಂದು.

"ನೋಡಪ್ಪಾ, ನೆಲ ನಡುಗಿದ್ರೂ ಅಂಕಿ ಅಲ್ಲಾಡಕಿಲ್ಲ," ಎಂದರು ಹನುಮಂತರಾಯಪ್ಪ. "ಓದ ಸಲ ಒಬ್ರು ತೋರಿಸಿದ ಮಿಷನ್ನಾಗೆ ಅಂಕಿ ಕುಣೀತಿತ್ತು. ಇದು ಮಿಷನ್ ಅಂದ್ರೆ."

ಶ್ಯಾಮಸುಂದರ್ ಭಾನುಮತಿಯತ್ತ ನೋಡಿ, ಪ್ರೋಗ್ರಾಮರನ್ನು ನೋಡುವಂತೆ, ನಕ್ಕರು. ಎಲ್ಲರ ಕಣ್ಣೂ ಅಂಕಿಯ ಮೇಲಿತ್ತು. ಭಾನುಮತಿಯದು ಮಾತ್ರ ಸೊಣ್ಣಪ್ಪನ ಮೇಲಿತ್ತು: ಮೂರನೆಯ ಮೂಟೆಯನ್ನು ಅವನು ಒಂದೇ ಕೈಯಲ್ಲಿ ತಂದಿಟ್ಟಿದ್ದ.

ಸುಮ್ಮನಿದ್ದರೆ ಆರ್ಡರ್ ಬರುತ್ತಿತ್ತು, ಅವಳ ಆರ್ಡರೂ ಬರುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಸಾರ್, ಅದು ಮೊದಲನೇ ಮೂಟೆ ತೂಕ. ಮೂರನೇದು ಅಲ್ಲ."

"ಭಾನುಮತಿ, ಆಮೇಲೆ ಮಾತಾಡೋಣ."

"ಮೂಟೆ ಇಳಿಸಿ ನೋಡಿ ಸಾರ್."

ಸೊಣ್ಣಪ್ಪ ಯಾರ ಅಪ್ಪಣೆಗೂ ಕಾಯದೆ ಇಳಿಸಿಬಿಟ್ಟ. ಖಾಲಿ ಹಲಗೆ ಅರವತ್ತೊಂದು ಕೆ.ಜಿ. ತೂಗುತ್ತಿತ್ತು.

"ಗಾಳೀನೂ ಮೂಟೆ ಕಟ್ಟಿ ಮಾರಬೌದು ಬಿಡು," ಎಂದ ಸೊಣ್ಣಪ್ಪ.

ಭಾನುಮತಿ ಮರುದಿನವೇ ಮ್ಯಾಕ್ರೊ ತಿದ್ದಿದಳು. ತೂಕ ಸಿಗದಿದ್ದರೆ ಈಗ ಅದು ಕ್ಯಾರಿ ಗುರುತು ಎತ್ತುತ್ತಿತ್ತು, ಅಂಕಿಯ ಜಾಗದಲ್ಲಿ ಮೂರು ಅಡ್ಡಗೆರೆ ಮೂಡುತ್ತಿದ್ದವು. ಹನುಮಂತರಾಯಪ್ಪ ಇನ್ನೊಮ್ಮೆ ಬಂದು, ಪ್ರೆಸ್ ಗುದ್ದುವಾಗಿನ ಅಡ್ಡಗೆರೆಗಳನ್ನು ಬಹಳ ಹೊತ್ತು ನೋಡಿದರು.

"ಮೊನ್ನೇದೇ ಚೆನ್ನಾಗಿತ್ತು," ಎಂದರು. "ಗೊತ್ತಿಲ್ಲ ಅನ್ನೋ ತಕ್ಕಡೀನ ರೈತರು ಎಂಗ್ರೀ ನಂಬ್ತಾರೆ?" ಆರ್ಡರ್ ಕೊಡದೆ ಹೋದರು.

ಶ್ಯಾಮಸುಂದರ್ ಕನ್ನಡಕ ತೆಗೆದು ಒರೆಸಿಕೊಂಡರು. "ಮ್ಯಾಕ್ರೊ ಈಗ ಸರಿಯಾಗಿದೆ. ಎಲ್ಲಾ ಮಿಷನ್‌ಗೂ ಇದನ್ನೇ ಹಾಕು. ನಿನ್ನ ಖಾಯಂ ಲೆಟರ್ ಹೇಳ್ತೀನಿ, ಟೈಪ್ ಮಾಡ್ಕೋ." ಹೇಳುತ್ತ ಹುದ್ದೆಯ ಜಾಗಕ್ಕೆ ಬಂದಾಗ ಸ್ವಲ್ಪ ತಡೆದರು. "ಟೈಪಿಸ್ಟ್ ಅಂತಲೇ ಇರ್ಲಿ."

ಅವಳು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದಳು.

ಆ ಸಂಜೆ ಸೀತಾ ಡಬ್ಬಕ್ಕೆ ಕೈ ಹಾಕುವ ಮೊದಲೇ ಭಾನುಮತಿ ತೊಳೆದ ಡಬರಿ ತೆಗೆದುಕೊಂಡು ಒಡತಿಯ ಹಟ್ಟಿಗೆ ನಡೆದಳು.

"ಇವತ್ತು ಏನೂ ಇಲ್ಲ ಅಜ್ಜಿ. ಖಾಲಿ ತಂದಿದೀನಿ."

ಚಿಕ್ಕಮುನಿಯಮ್ಮ ಡಬರಿಯೊಳಗೆ ಇಣುಕಿ ನೋಡಿ, ನಿರಾಳವಾಗಿ ಅದನ್ನು ಗೂಡಿನಲ್ಲಿಟ್ಟರು.

"ಇಲ್ಲ ಅಂದ್ರೆ ಇಲ್ಲ ಅನ್ನಬೇಕವ್ವ. ನಿಮ್ಮವ್ವ ಡಬರೀಗೆ ಹಾಕಿ ಕಳಿಸೋ ಮೆತ್ತಗಾದ ಚಕ್ಲಿ ಎಲ್ಡು ತಿಂಗಳಿಂದ ಎಮ್ಮೆ ತಿಂತಾ ಐತೆ. ಓದ ವಾರದಿಂದ ಅದೂ ಮೂತಿ ತಿರುವ್ತದೆ."