‘ಬತ್ತೀನಿ ಅನ್ನವ್ವ’

ದೆವ್ವ, ಶಕುನ, ಮಾತಿನ ದೋಷ ಇವನ್ನೆಲ್ಲ ನಂಬಿದವನಲ್ಲ ನಾನು. ಯಾರಾದರೂ ಅಂಥ ಕಥೆ ಶುರುಮಾಡಿದರೆ ‘ಕಾಗಕ್ಕ ಗುಬ್ಬಕ್ಕನ ಕಥೆ ಸಾಕು’ ಎಂದು ಎದ್ದುಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವು ಎದ್ದುಹೋದರೂ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆ. ನನಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸು. ಮನೆಯಲ್ಲಿ ನಾನು, ಹೆಂಡತಿ ಸರೋಜ, ನಾಯಿ ಮೋತಿ. ತವರಿಗೆಂದು ಮೈಸೂರಿಗೆ ಹೋಗಿದ್ದ ಸರೋಜಳಿಗೆ ಹೊಟ್ಟೆಹುಣ್ಣು ಒಡೆದು ಆಸ್ಪತ್ರೆಗೆ ಸೇರಿಸಿದ್ದಾರೆಂದು ತಂತಿ ಬಂತು. ಮೋತಿಯನ್ನು ಎಲ್ಲಿ ಬಿಡುವುದು? ಚಿಕ್ಕಬಾಣಾವರದ ತಿಮ್ಮಕ್ಕ ತನ್ನ ಹಳೆಯ ದನದ ಕೊಟ್ಟಿಗೆಯಲ್ಲಿ, ರಜೆಗೆ ಊರಿಗೆ ಹೋಗುವ ಕ್ವಾರ್ಟರ್ಸಿನವರ ನಾಯಿಗಳನ್ನು ನೋಡಿಕೊಳ್ಳುತ್ತಿದ್ದಳು. ಅಲ್ಲಿಗೆ ಓಡಿದೆ. ಊರಿಗೆ ಹೋಗಬೇಕು ಎಂದೆನೇ ಹೊರತು ಸರೋಜಳ ಸುದ್ದಿ ಎತ್ತಲಿಲ್ಲ.

ಹಗ್ಗವನ್ನು ತಿಮ್ಮಕ್ಕನ ಕೈಗಿತ್ತು, ಮೋತಿಯ ತಲೆ ಸವರಿ, “ಹೋಗ್ತೀನಿ ಕಣೋ” ಎಂದೆ.

ತಿಮ್ಮಕ್ಕ ಬಾಗಿಲಿಗೆ ಅಡ್ಡ ನಿಂತಳು. “ಓಗ್ತೀನಿ ಅನ್ಬಾರ್ದು ಸಾಮಿ. ಬತ್ತೀನಿ ಅನ್ನಿ.”

“ಅದು ನಾಯಿ ಕಣಮ್ಮ.”

“ನಾಯಾದ್ರೇನು, ಕಿವಿ ಇಲ್ವಾ?”

ರೈಲಿಗೆ ಹೊತ್ತಾಗುತ್ತಿತ್ತು. ಪೀಡೆ ಕಳೆದರೆ ಸಾಕೆಂದು “ಬರ್ತೀನಿ” ಎಂದು ಗೊಣಗಿ ಹೊರಟೆ.

ಮೈಸೂರಿನಲ್ಲಿ ಆಪರೇಷನ್ ಆದರೂ ಸರೋಜಳಿಗೆ ಎಚ್ಚರ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ನೆಂಟರಿಗೆಲ್ಲ ಹೇಳಿಕಳಿಸಿ ಎಂದರು. ಮಂಚದ ಪಕ್ಕ ಕುಳಿತವನು ಅಲ್ಲಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ಹೇಗೆ ಚೇತರಿಸಿಕೊಂಡಳೋ ಡಾಕ್ಟರಿಗೇ ಗೊತ್ತಾಗಲಿಲ್ಲ.

ಅವಳನ್ನು ತವರಿನಲ್ಲಿ ಬಿಟ್ಟು, ಮೋತಿಯನ್ನು ಕರೆದೊಯ್ಯಲು ನಾನೊಬ್ಬನೇ ಬಂದೆ. ಮೋತಿ ಮೈಮೇಲೆ ಎಗರಿತು.

“ನೀವು ಓದಾಗ್ಲಿಂದ ಇದು ಅನ್ನ ಮುಟ್ಟಿರ್ನಿಲ್ಲ ಸಾಮಿ,” ಎಂದಳು ತಿಮ್ಮಕ್ಕ. “ಸತ್ತೇ ಓಯ್ತದೆ, ನಿಮಗೇನು ಜವಾಬು ಕೊಡ್ಲಿ ಅಂತಿದ್ದೆ. ಪುಣ್ಯಕ್ಕೆ ಸುಕ್ರವಾರ ಸಂಜೆ ನಿಮ್ ಮನೆಯಮ್ಮ ಬಂದ್ರು. ‘ಉಣ್ಣೋ ದೊರೆ’ ಅಂತ ಮೊಸರನ್ನ ಕಲಸಿ ತಿನ್ಸುದ್ರು.”

ಮೋತಿಯನ್ನು ‘ದೊರೆ’ ಎನ್ನುತ್ತಿದ್ದವಳು ಸರೋಜ ಒಬ್ಬಳೇ, ಅದೂ ಅನ್ನ ಹಾಕುವಾಗ ಮಾತ್ರ. ತಿಮ್ಮಕ್ಕ ಅವಳನ್ನು ನೋಡಿಯೇ ಇರಲಿಲ್ಲ.

“ಆಮೇಲೆ ‘ಹೋಗ್ತೀನಿ’ ಅಂತ ಎದ್ರು. ನಾನು ಬಿಡ್ತೀನಾ? ಬಾಗ್ಲಿಗೆ ಅಡ್ಡ ನಿಂತೆ. ಬತ್ತೀನಿ ಅನ್ನವ್ವ ಅಂದೆ. ಎಷ್ಟೊತ್ತು ಸುಮ್ನೆ ನಿಂತಿದ್ರು ಅಂತೀರಾ. ಅನ್ನೋಗಂಟ ದಾರಿ ಬಿಡ್ನಿಲ್ಲ ನಾನು. ಕೊನೆಗೆ ‘ಬರ್ತೀನಿ’ ಅಂದ್ರು.”

ಆ ಹಟಮಾರಿ ಮುದುಕಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಸರೋಜಳಿಗೆ ಇದೊಂದೂ ನೆನಪಿಲ್ಲ. ಅವಳು ನಡೆದಾಡುವಂತಾದ ಮೇಲೆ ಚಿಕ್ಕಬಾಣಾವರಕ್ಕೆ ಕರೆದುಕೊಂಡು ಹೋದೆ. ಅಂಗಳದಲ್ಲಿ ರಾಗಿ ಕೇರುತ್ತಿದ್ದ ತಿಮ್ಮಕ್ಕ ತಲೆಯೆತ್ತಿ, ಗುರುತಿನವರನ್ನು ಕೇಳುವಂತೆ, “ಬಂದ್ಯಾ ತಾಯಿ?” ಎಂದಳು.

ಅದು ಹೇಗಾಯಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥವಾಗದಿದ್ದರೆ ಬೇಡ, ನನ್ನ ಮನೆ ಉಳಿಯಿತು. ಅಂದು ಹೊರಡುವಾಗ ಮಾತ್ರ, ಸರೋಜ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: “ಬರ್ತೀವಿ ತಿಮ್ಮಕ್ಕ.”